ಷರಾ ಕಾಲಮ್ಮಿನಲ್ಲಿ ಬರೆದದ್ದು

ವರ್ಷಕ್ಕೆ ಐದು ಸಲ ನಮ್ಮ ಮನೆ ನಮ್ಮದಾಗಿರುತ್ತಿರಲಿಲ್ಲ. ಅಪ್ಪ ರೇಷ್ಮೆಮೊಟ್ಟೆಯ ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಸಂತೆಮರಹಳ್ಳಿಯಿಂದ ಬಸ್ಸಿನಲ್ಲಿ ತಂದ ದಿನವೇ ನಡುಮನೆ ಖಾಲಿಯಾಗುತ್ತಿತ್ತು. ಹಾಸಿಗೆ, ಟ್ರಂಕು, ಅಕ್ಕಿಯ ಡಬ್ಬ, ನನ್ನ ಶಾಲೆಯ ಚೀಲ ಎಲ್ಲವೂ ಜಗಲಿಗೆ ಬರುತ್ತಿದ್ದವು. ಅಜ್ಜಿ, ಅಪ್ಪ, ಅಮ್ಮ, ನಾನು, ನಾಲ್ವರೂ ಹುಳ ಗೂಡು ಕಟ್ಟುವವರೆಗೆ ಜಗಲಿಯ ಬಾಡಿಗೆದಾರರು. ಒಳಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೂ ಏರುತ್ತಿದ್ದವು. ಇರುವೆ ಹತ್ತದಂತೆ ಸ್ಟ್ಯಾಂಡಿನ ಒಂದೊಂದು ಕಾಲಿಗೂ ನೀರಿನ ಬಟ್ಟಲು. ಒಗ್ಗರಣೆಯ ಹೊಗೆ ಹುಳಕ್ಕೆ ಆಗದೆಂದು ಒಲೆ ಹಿತ್ತಿಲಿಗೆ ಹೋಗುತ್ತಿತ್ತು. ಅಷ್ಟು ದಿನವೂ ರಾಗಿಮುದ್ದೆ ಮತ್ತು ಒಗ್ಗರಣೆಯಿಲ್ಲದ ಉಪ್ಪೆಸರು. ಅಜ್ಜಿ ಲಿಂಗಪೂಜೆಗೂ ಊದುಬತ್ತಿ ಹಚ್ಚುತ್ತಿರಲಿಲ್ಲ. ವಿಭೂತಿ, ಎರಡು ಹೂವು, ಅಲ್ಲಿಗೆ ಮುಗಿಯಿತು. ಹುಳದ ಕಾಲದಲ್ಲಿ ಶಿವನೂ ನಮ್ಮ ಹಾಗೆಯೇ ಹೊಂದಿಕೊಂಡು ಹೋಗಬೇಕಿತ್ತು.

ಆ ನಡುಮನೆಗೆ ಒಂದು ಹೊಸ್ತಿಲು. ಅದರ ಈಚೆಗೆ ಅಗಲವಾದ ಒಂದು ತಗಡಿನ ತಟ್ಟೆ, ಅದರಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು. ಒಳಗೆ ಹೋಗುವವರು ಮೊದಲು ಹಿತ್ತಿಲಲ್ಲಿ ಕಾಲು ತೊಳೆಯಬೇಕು, ಆಮೇಲೆ ಈ ನೀರಿನಲ್ಲಿ ಎರಡೂ ಪಾದ ಅದ್ದಬೇಕು, ಆಮೇಲೆ ಹೊಸ್ತಿಲು ದಾಟಬೇಕು. ಊರಿನವರಿಗೆ ಪ್ರವೇಶವೇ ಇಲ್ಲ. ನೆಂಟರು ಬಂದರೆ ಜಗಲಿಯಲ್ಲೇ ಕಾಫಿ ಕುಡಿದು ಹೊರಡಬೇಕಿತ್ತು. ಗಂಡನನ್ನು ಕಳೆದುಕೊಂಡ ಮೇಲೆ ಒಬ್ಬಳೇ ಹಿಪ್ಪುನೇರಳೆ ನೆಟ್ಟು, ಹುಳ ಸಾಕಿ, ಅಪ್ಪನನ್ನು ಓದಿಸಿದವಳು ಅಜ್ಜಿ. ಹುಳದ ವಿಷಯದಲ್ಲಿ ಅವಳ ಮಾತಿಗೆ ಮನೆಯಲ್ಲಿ ಎದುರು ಮಾತಿರಲಿಲ್ಲ. ಅವಳದೊಂದು ಕಟ್ಟಳೆ ಮಾತ್ರ ನನಗೆ ಬಹಳ ಕಷ್ಟವಾಗುತ್ತಿತ್ತು. ಹುಳವನ್ನು ಎಣಿಸಬಾರದು. ಗೂಡನ್ನೂ ಎಣಿಸಬಾರದು.

“ಎಣ್ಸಬೇಡ ಕಣಮ್ಮಿ. ಎಣ್ಸುದ್ರೆ ಕಮ್ಮಿ ಆಗೋಯ್ತವೆ.”

ನನಗೆ ಎಣಿಸದೆ ಇರಲು ಬರುತ್ತಿರಲಿಲ್ಲ. ಅಪ್ಪ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಲು ಅಳೆದು, ಯಾರ ಮನೆಯದು ಎಷ್ಟು ಲೀಟರ್ ಎಂದು ರಿಜಿಸ್ಟರಿನಲ್ಲಿ ತುಂಬುವುದು ಅವನ ಕೆಲಸ. ನಾನು ಆರನೇ ತರಗತಿಗೆ ಹೋದಾಗ ಡೇರಿಯಲ್ಲಿ ಉಳಿದುಹೋಗಿದ್ದ ಒಂದು ಹಳೆಯ ರಿಜಿಸ್ಟರನ್ನು ನನಗೆ ಕೊಟ್ಟ. ಅದರಲ್ಲಿ ಕೆಂಪು ಗೆರೆಯ ಐದು ಕಾಲಮ್ಮುಗಳಿದ್ದವು: ದಿನ, ಬೆಳಿಗ್ಗೆ, ಸಂಜೆ, ಪ್ರಮಾಣ, ಷರಾ. ಷರಾ ಎಂದರೇನೆಂದು ಕೇಳಿದೆ. ಬೇರೆ ಯಾವ ಕಾಲಮ್ಮಿಗೂ ಸೇರದ್ದನ್ನು ಅಲ್ಲಿ ಬರೆಯಬೇಕು ಎಂದ. ಇನ್ನೊಂದು ಮಾತನ್ನೂ ಹೇಳಿದ.

“ಬರ್ದಿದ್ದ ಅಳಿಸ್ಬಾರ್ದು ಮಗ. ತಪ್ಪಾದ್ರೆ ಒಂದು ಗೆರೆ ಎಳಿ, ಪಕ್ಕದಲ್ಲಿ ಸರಿಯಾದ್ದ ಬರಿ. ಪುಟ ಹರಿಯೋದಂತೂ ಇಲ್ವೇ ಇಲ್ಲ.”

ಅಂದಿನಿಂದ ಆ ರಿಜಿಸ್ಟರೇ ನನ್ನ ದಿನಚರಿಯಾಯಿತು. ತಿಂಗಳ ತಾರೀಖು ನಮ್ಮ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲವಾದ್ದರಿಂದ ಹುಳ ಮೊಟ್ಟೆಯೊಡೆದ ದಿನವನ್ನೇ ಒಂದು ಎಂದು ಹಿಡಿದು ಬರೆಯುತ್ತಿದ್ದೆ. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎಷ್ಟನೇ ದಿನ ಎಷ್ಟನೇ ಜ್ವರ, ಹಿಪ್ಪುನೇರಳೆ ತೋಟದ ಯಾವ ತುಂಡಿನಿಂದ ಎಷ್ಟು ಮಂಕರಿ ಸೊಪ್ಪು, ಯಾವ ತಟ್ಟೆಗೆ ಹಾಕಿದ್ದು, ಎಲ್ಲವೂ ಅದರಲ್ಲಿತ್ತು. ಹುಳವನ್ನು ಎಣಿಸುವಂತಿಲ್ಲ ಎಂದ ಮೇಲೆ ಅದರ ಸುತ್ತ ಇರುವುದನ್ನೆಲ್ಲ ಎಣಿಸಿದೆ. ಮುಂದೆ ದೇಶದ ಅಂಗಿ ತೊಟ್ಟು ಊರೂರು ತಿರುಗಿದ ವರ್ಷಗಳಲ್ಲೂ ಈ ಅಭ್ಯಾಸ ಬಿಡಲಿಲ್ಲ. ಜೊತೆಯ ಆಟಗಾರ್ತಿಯರು ನಗುತ್ತಿದ್ದರು. ಆಟ ಬಿಟ್ಟು ಮನೆಗೆ ಬಂದ ಮೇಲೆ ಟ್ರಂಕಿನಿಂದ ತೆಗೆದ ಮೊದಲ ವಸ್ತು ಈ ರಿಜಿಸ್ಟರ್. ಅದರಲ್ಲಿ ಒಂದು ಸಾಲಿದೆ. ಅದನ್ನು ಬರೆದ ಪೆನ್ನು ಕಕ್ಕಿತ್ತೋ ಏನೋ, ಕೊನೆಯ ಅಕ್ಷರದ ಮೇಲೆ ದೊಡ್ಡ ನೀಲಿ ಚುಕ್ಕೆ.

ಡೇರಿಯ ಪಕ್ಕದ ಬಯಲಿನಲ್ಲಿ ತರಕಾರಿ ತೂಕ ಹಾಕುತ್ತಿದ್ದರು. ಗುಂಡ್ಲುಪೇಟೆಯ ಕಡೆಯಿಂದ ಬರುತ್ತಿದ್ದ ಕೇರಳದ ಲಾರಿಗಳು ಟೊಮೆಟೊ, ಬೀನ್ಸ್, ಬೂದುಗುಂಬಳ ತುಂಬಿಕೊಂಡು ಹೋಗುತ್ತಿದ್ದವು. ತೂಕ ಮುಗಿಯುವವರೆಗೆ ಡ್ರೈವರುಗಳಿಗೆ ಕೆಲಸವಿಲ್ಲ. ಬೇರೆಯವರು ಲಾರಿಯ ಕೆಳಗೆ ಮಲಗುತ್ತಿದ್ದರು. ಬಶೀರಣ್ಣ ಎಂಬ ಡ್ರೈವರು ಮಾತ್ರ ಸೀಟಿನ ಹಿಂದಿನಿಂದ ಒಂದು ಚೆಂಡು ತೆಗೆದು ಡೇರಿಯ ಹಿಂದಿನ ಗೋಡೆಗೆ ಒದೆಯುತ್ತಿದ್ದ. ಅಪ್ಪನಿಗೆ ತಿಂಡಿ ಕೊಡಲು ಹೋದವಳು ನಿಂತು ನೋಡುತ್ತಿದ್ದೆ. ಎಣಿಸುತ್ತಲೂ ಇದ್ದೆ. ಒಂದು ದಿನ ಅವನ ಚೆಂಡು ಗೋಡೆಯ ಮೂಲೆಗೆ ತಗುಲಿ ನೇರ ನನ್ನ ಮುಖಕ್ಕೆ ಬಂತು. ತಿಂಡಿಯ ಡಬ್ಬಿ ಬಿಟ್ಟು ಎರಡೂ ಕೈಯಲ್ಲಿ ಹಿಡಿದೆ.

“ಅಯ್ಯೋ ಮೋಳೇ, ಸದ್ದೇ ಇಲ್ಲ ನಿನ್ ಕೈಗೆ,” ಅಂದ. ಆಮೇಲೆ ಉರುಳಿದ ಡಬ್ಬಿ ನೋಡಿ, “ಅಪ್ಪಂಗೆ ಇವತ್ತು ಉಪವಾಸ.”

ಕೈಯ ಬಗ್ಗೆ ಅವನಾಡಿದ ಮಾತು ಅವತ್ತು ನನ್ನ ಕಿವಿಗೆ ಬೀಳಲೇ ಇಲ್ಲ ಎನ್ನಬೇಕು. ನನಗೆ ಬೇಕಿದ್ದದ್ದು ಒದೆಯುವುದು. ಪಾದದ ಒಳಬದಿಯಲ್ಲಿ ಹೇಗೆ ತಳ್ಳಬೇಕು ಎಂಬುದನ್ನು ಬಶೀರಣ್ಣ ಮಲೆಯಾಳ ಕನ್ನಡ ಬೆರೆಸಿ ಹೇಳಿಕೊಟ್ಟ. ಹೊಲಿಗೆ ಬಿಟ್ಟಿದ್ದ ಹಳೆಯ ಚೆಂಡೊಂದನ್ನು ಕೊಟ್ಟೂ ಹೋದ. ಅಲ್ಲಿಂದ ದಿನವೂ ಶಾಲೆ ಬಿಟ್ಟ ಮೇಲೆ ಡೇರಿ ಗೋಡೆ. ಪ್ರಮಾಣದ ಕಾಲಮ್ಮಿನಲ್ಲಿ ಗೋಡೆಗೆ ಹೊಡೆದ ಲೆಕ್ಕ. ಅಮ್ಮನಿಗೆ ಲಂಗದ ಅಂಚು ಹರಿಯುವುದರ ಚಿಂತೆ. ಹುಡುಗಿ ಆಡುವುದು ಚೆಂದವೋ ಅಲ್ಲವೋ ಎಂದು ಜಗಲಿಗೆ ಬಂದ ನೆಂಟರು ಎರಡು ಸಲ ಮಾತು ತೆಗೆದರು. ಅಜ್ಜಿ ಅವರ ಬಾಯಿ ಮುಚ್ಚಿಸಿದಳು. ಅವಳ ತಕರಾರು ಬೇರೆಯೇ ಇತ್ತು.

“ಆಡ್ಕ, ಬೇಡ ಅಂದೋರ್ ಯಾರು. ಆದ್ರೆ ಊರ್ ಮಂದಿ ತುಳ್ದಿರೋ ಮಣ್ಣ ನನ್ ಉಳಕ್ಕೆ ತರಬ್ಯಾಡ. ಕಾಲ್ ತೊಳ್ದು ಬಾ. ಅಷ್ಟೇಯ.”

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಜಿಲ್ಲೆ ಎಂದ ಮೇಲೆ ಹುಡುಗಿಯರ ಫುಟ್‌ಬಾಲ್ ತಂಡವೂ ಇರಬೇಕು, ಆಡುವ ಹುಡುಗಿಯರು ಮಾತ್ರ ಇರಲಿಲ್ಲ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಡೇರಿಗೆ ಹಾಲು ಹಾಕಲು ಬಂದಾಗ ನನ್ನನ್ನು ಗೋಡೆಯ ಹತ್ತಿರ ನೋಡಿದರು. ಭಾನುವಾರ ಚಾಮರಾಜನಗರದ ಮೈದಾನದಲ್ಲಿ ಆಯ್ಕೆ ಇದೆ, ಕಳಿಸುತ್ತೀರಾ ಎಂದು ನಮ್ಮ ಜಗಲಿಗೇ ಬಂದು ಅಪ್ಪನನ್ನು ಕೇಳಿದರು. ಅಪ್ಪ ಅಜ್ಜಿಯ ಕಡೆ ಕೈ ತೋರಿಸಿದ. ಅಜ್ಜಿ ಬೆರಳು ಮಡಿಸಿದಳು. ಆ ಭಾನುವಾರ ಹುಳದ ಇಪ್ಪತ್ತಾರನೇ ದಿನ. ಹುಳ ಹಣ್ಣಾಗುವ ದಿನ. ಮೇವು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕುವ ಹುಳವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ಚಾಪೆಗೆ, ಬಿಡಬೇಕು. ಅವತ್ತು ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು.

“ಉಳ ಚೆಂದಾಗಿದ್ರೆ ಓಗಿವ್ಳಂತೆ. ಉಳ ಕೆಟ್ರೆ ಎಲ್ಲಿಗೂ ಇಲ್ಲ,” ಅಂದಳು.

ನಾಲ್ಕನೇ ಜ್ವರ ದಾಟಿದ ಹುಳಕ್ಕೆ ಎಷ್ಟು ಹಾಕಿದರೂ ಸೊಪ್ಪು ಸಾಲುವುದಿಲ್ಲ. ಮನೆಯೊಳಗೆ ಸೋನೆ ಮಳೆ ಬಿದ್ದಂತೆ ಮೇಯುವ ಸದ್ದು. ಇಪ್ಪತ್ತನೇ ದಿನದ ಸಂಜೆ ನಾನು ಗೋಡೆಯ ಹತ್ತಿರ ಲೆಕ್ಕ ಮುಗಿಸದೆ ಬರಲಾರದೆ ತಡ ಮಾಡಿದೆ. ಓಡಿ ಬಂದಾಗ ಅಮ್ಮ ಹಿತ್ತಿಲಿನಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ಅಜ್ಜಿ ಒಳಗಿನಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು.

“ಮಾದೇವಿ, ಎಲ್ಲ್ ಸತ್ತೋದೆ, ಸೊಪ್ ತಗಂಡ್ ಬಾ. ಬಾಯ್ ಬಿಟ್ಕಂಡ್ ಕೂತವೆ.”

ಮಂಕರಿ ಎತ್ತಿಕೊಂಡೆ. ಹೊಸ್ತಿಲ ಹತ್ತಿರ ತಗಡಿನ ತಟ್ಟೆ ಮಂಕರಿಯ ಮರೆಯಲ್ಲಿ ಕಾಣಿಸಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಕಾಣಿಸಿತ್ತು. ಅದನ್ನು ದಾಟಿಕೊಂಡೇ ಒಳಗೆ ಕಾಲಿಟ್ಟೆ. ಮೂರು ಮಂಕರಿ ಸೊಪ್ಪನ್ನು ಬಾಗಿಲ ಪಕ್ಕದ ಮೂರು ತಟ್ಟೆಗಳಿಗೆ ಹರಡಿದೆ. ಉಳಿದ ತಟ್ಟೆಗಳಿಗೆ ಬೆಳಿಗ್ಗೆ ಮಿಕ್ಕಿದ್ದ ಸೊಪ್ಪನ್ನು ಅಜ್ಜಿ ಆಗಲೇ ಹಾಕಿದ್ದಳು. ನೆಲದ ಮೇಲೆ ನನ್ನ ಹೆಜ್ಜೆಗಳು ಕೆಂಪಗೆ ಕಂಡವು, ಲಂಗದ ಅಂಚಿನಿಂದ ಒರೆಸಿದೆ. ಊಟವಾದ ಮೇಲೆ ರಿಜಿಸ್ಟರ್ ತೆರೆದು ಎಂದಿನಂತೆ ಎಲ್ಲವನ್ನೂ ಬರೆದೆ. ಷರಾ ಕಾಲಮ್ಮಿನಲ್ಲಿ ‘ಕಾಲು ತೊಳೆಯಲಿಲ್ಲ’ ಎಂದು ಬರೆದೆ. ಅದು ಆಗಿತ್ತು, ಬೇರೆ ಯಾವ ಕಾಲಮ್ಮಿಗೂ ಸೇರುತ್ತಿರಲಿಲ್ಲ.

ಬೆಳಿಗ್ಗೆ ಆ ಮೂರು ತಟ್ಟೆಗಳಿಂದ ಸದ್ದು ಬರುತ್ತಿರಲಿಲ್ಲ. ಹುಳಗಳು ತಲೆ ಎತ್ತಿ ಆಚೆ ಈಚೆ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ಕೆಲವು ಆಗಲೇ ಮುದುಡಿ ಬಿದ್ದಿದ್ದವು. ಅಜ್ಜಿ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನಿಂತಳು. “ಮಾದಪ್ಪ,” ಎಂದು ಬೆಟ್ಟದ ದೇವರನ್ನು ನೆನೆದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೆನ್ನೆ ಕಾಲ್ ತೊಳ್ದಿದ್ದಾ?”

“ತೊಳ್ದಿದ್ದೆ.”

“ನೀರಲ್ ಅದ್ದುದ್ದಾ?”

“ಅದ್ದುದ್ದೆ ಅಜ್ಜಿ.”

ಅವಳು ಮತ್ತೆ ಕೇಳಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಮೂರು ತಟ್ಟೆಯ ಹುಳವನ್ನು ಅಪ್ಪ ಹಿತ್ತಿಲಾಚೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ. ಅಮ್ಮ ಯಾರ ಕಣ್ಣು ಬಿತ್ತೋ ಎಂದು ಮೆಣಸಿನಕಾಯಿ ನೀವಾಳಿಸಿ ಸುಡಲು ಹೋದಳು. ಹೊಗೆಯ ನೆನಪಾಗಿ ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು. ನಾನು ಶಾಲೆಯಲ್ಲಿ ಕುಳಿತು ಒಂದೇ ಒಂದನ್ನು ಲೆಕ್ಕ ಹಾಕುತ್ತಿದ್ದೆ: ಉಳಿದ ತಟ್ಟೆಗಳೆಷ್ಟು, ನನ್ನ ಕಾಲಿನ ಮಣ್ಣು ಅಲ್ಲಿಗೆ ತಲುಪಲು ಎಷ್ಟು ದಿನ ಬೇಕು. ಆಟದ ಆಸೆ ಆಗಲೇ ಹೋಗಿತ್ತು. ಈ ಮನೆಯ ಬೆಳೆಯನ್ನು ನಾನು ಕೊಂದೆ ಎಂಬುದಷ್ಟೇ ಉಳಿದಿತ್ತು. ಸಂಜೆ ರಿಜಿಸ್ಟರ್ ತೆಗೆದು ಆ ಪುಟವನ್ನು ಎರಡು ಬೆರಳ ನಡುವೆ ಹಿಡಿದೆ. ಹರಿಯುವುದು ಸುಲಭವಿತ್ತು. ಆದರೆ ಪುಟಕ್ಕೆ ನಂಬರ್ ಇತ್ತು, ಅಪ್ಪನ ಮಾತೂ ಇತ್ತು. ಪುಸ್ತಕ ಮುಚ್ಚಿ ಟ್ರಂಕಿನ ಅಡಿಗೆ ತಳ್ಳಿದೆ. ಅವತ್ತಿನ ಸಾಲು ಇಂದಿಗೂ ಖಾಲಿ.

ಮರುದಿನ ಬೆಳಿಗ್ಗೆ ಅಪ್ಪ ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರನ್ನು ಕರೆತಂದ. ಅವರು ಹಿತ್ತಿಲಲ್ಲಿ ಕಾಲು ತೊಳೆದು, ತಗಡಿನ ತಟ್ಟೆಯಲ್ಲಿ ಎರಡೂ ಪಾದ ಅದ್ದಿ ಒಳಗೆ ಹೋದರು. ನಾಲ್ಕನೇ ತಟ್ಟೆಯಲ್ಲೂ ಐದಾರು ಹುಳ ತಲೆ ಆಡಿಸುತ್ತಿದ್ದವು. ಜಗಲಿಗೆ ಬಂದು ಕುಳಿತರು.

“ಸೊಪ್ಪು ಯಾವ ತುಂಡಿಂದ ತಂದ್ರಿ ತಾಯಿ? ಯಾವತ್ತು ಯಾವ ತಟ್ಟೆಗೆ ಹಾಕುದ್ರಿ?”

ಅಜ್ಜಿ ಬಾವಿ ಪಕ್ಕದ ಮೇಲಿನ ತುಂಡಿನಿಂದ ಅಂದಳು. ಅಮ್ಮ ಎರಡೂ ತುಂಡಿನಿಂದ ಅಂದಳು. ಯಾವ ದಿನ ಎಂಬುದರ ಮೇಲೆ ಇಬ್ಬರಿಗೂ ಜಗಳವೇ ಆಯಿತು. ಅಪ್ಪ ನನ್ನ ಕಡೆ ನೋಡಿದ.

“ಮಗ, ನಿನ್ ಬುಕ್ ತಗಂಡ್ ಬಾ. ಅದ್ರಲ್ ಇರತ್ತೆ.”

ಟ್ರಂಕು ಎಳೆದೆ. ಇಪ್ಪತ್ತನೇ ದಿನದ ಸಾಲು ಒಂದೇ ಸಾಲು. ಸೊಪ್ಪಿನ ವಿಷಯ ಅದರಲ್ಲೇ, ಕಾಲಿನ ವಿಷಯವೂ ಅದರಲ್ಲೇ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಲು ದಾರಿಯಿರಲಿಲ್ಲ. ನಾನೇ ಓದುತ್ತೇನೆ ಎಂದು ಹೇಳಬಹುದಿತ್ತು, ಅಜ್ಜಿಗೂ ಅಮ್ಮನಿಗೂ ಓದಲು ಬಾರದು. ಆದರೆ ನಾಲ್ಕನೇ ತಟ್ಟೆಯ ಹುಳಗಳು ನನ್ನ ಕಣ್ಣ ಮುಂದೆಯೇ ತಲೆ ಆಡಿಸುತ್ತಿದ್ದವು. ಪುಟ ತೆರೆದು ಅಪ್ಪನ ಕೈಗೆ ಕೊಟ್ಟೆ. ಅವನು ಡೇರಿಯಲ್ಲಿ ಓದುವ ದನಿಯಲ್ಲೇ ಓದಿದ.

“ಇಪ್ಪತ್ತನೇ ದಿನ. ಬೆಳಿಗ್ಗೆ, ಮೇಲಿನ ತುಂಡು, ಎಂಟು ಮಂಕರಿ, ಎಲ್ಲ ತಟ್ಟೆಗೆ. ಸಂಜೆ, ಕೆಳಗಿನ ತುಂಡಿನ ಅಂಚಿನ ಸಾಲು, ಮೂರು ಮಂಕರಿ, ಬಾಗಿಲ ಪಕ್ಕದ ಮೂರು ತಟ್ಟೆಗೆ. ಉಳಿದದ್ದು ಗೋಣಿತಾಟಿನ ಕೆಳಗೆ. ಗೋಡೆಗೆ ಹೊಡೆದದ್ದು, ನೂರ ಹನ್ನೆರಡು. ಷರಾ...”

ಅಲ್ಲಿ ನಿಂತ. ನನ್ನ ಮುಖ ನೋಡಿದ. ಬಿಟ್ಟುಬಿಡುತ್ತಾನೆ ಎಂದುಕೊಂಡೆ. ಅಪ್ಪ ರಿಜಿಸ್ಟರಿನಲ್ಲಿ ಇದ್ದದ್ದನ್ನು ಯಾವತ್ತೂ ಬಿಟ್ಟವನಲ್ಲ.

“ಷರಾ, ಕಾಲು ತೊಳೆಯಲಿಲ್ಲ.”

ಅಜ್ಜಿ ನನ್ನ ಕಾಲಿನ ಕಡೆ ನೋಡಿದಳು. ಇನ್‌ಸ್ಪೆಕ್ಟರು ಮಾತ್ರ ಷರಾವನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

“ಕೆಳಗಿನ ಅಂಚಿನ ಪಕ್ಕ ಯಾರ ಹೊಲ? ಏನ್ ಬೆಳೆ?”

“ಪಕ್ಕದೋರ್ದು ಸಾರ್, ಟೊಮೆಟೊ,” ಎಂದ ಅಪ್ಪ. ಹೇಳಿ ಮುಗಿಸುವಷ್ಟರಲ್ಲಿ ಅವನಿಗೂ ಹೊಳೆಯಿತು. ಇಪ್ಪತ್ತನೇ ದಿನ ಬೆಳಿಗ್ಗೆ ಅಲ್ಲಿ ಔಷಧಿ ಹೊಡೆದಿದ್ದರು. ವಾಸನೆ ಡೇರಿಯವರೆಗೆ ಬಂದಿತ್ತು.

“ಅದೇ ಮತ್ತೆ. ಗಾಳಿಗೆ ನಿಮ್ ಸೊಪ್ಪಿನ ಮೇಲ್ ಬಿದ್ದದೆ. ಹಸಿರು ವಾಂತಿ ಮಾಡ್ಕೊಂಡು ಒಂದೇ ದಿನಕ್ಕೆ ಸಾಯೋದು ಔಷಧಿಗೆ. ಕಾಲಿನ ಮಣ್ಣಿಂದ ರೋಗ ಬಂದ್ರೆ ಹಿಂಗಿರಲ್ಲ, ಕಾಣಕ್ಕೇ ನಾಲ್ಕೈದ್ ದಿನ ಬೇಕು. ಗೋಣಿತಾಟಿನ ಕೆಳಗಿಟ್ಟಿದ್ದು ಇನ್ನೂ ಐತಾ?”

ಇತ್ತು. ಅದರಿಂದ ಒಂದು ಹಿಡಿಯನ್ನು ಅಮ್ಮ ಅವತ್ತು ಬೆಳಿಗ್ಗೆಯಷ್ಟೇ ನಾಲ್ಕನೇ ತಟ್ಟೆಗೆ ಹಾಕಿದ್ದಳು. ಉಳಿದದ್ದನ್ನು ಮಧ್ಯಾಹ್ನದ ಮೇವಿಗೆ ಎಲ್ಲ ತಟ್ಟೆಗೂ ಹರಡಬೇಕಿತ್ತು. ಅಪ್ಪ ಆ ಗೋಣಿಯನ್ನು ಹಾಗೆಯೇ ಸುತ್ತಿ ಹೊರಗೆ ಎಳೆದೊಯ್ದ. ಅಮ್ಮ ನಾಲ್ಕನೇ ತಟ್ಟೆಯ ಹುಳಗಳನ್ನು ಹೊಸ ಸೊಪ್ಪಿನ ಮೇಲೆ ಬಿಡಲು ಒಳಗೆ ಓಡಿದಳು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಎಷ್ಟೋ ಸಲ ದೊಡ್ಡ ಪಂದ್ಯಗಳ ಕೊನೆಯ ಸೀಟಿ ಕೇಳಿದಾಗ ಮೈಯೆಲ್ಲ ಸಡಿಲವಾದದ್ದುಂಟು. ಆದರೆ ಮೊದಲ ಬಾರಿ ಹಾಗಾದದ್ದು ಆ ಜಗಲಿಯಲ್ಲಿ, ಒಬ್ಬ ಅಪರಿಚಿತ ಮನುಷ್ಯ ನನ್ನ ಕಾಲಿಗೂ ಹುಳದ ಸಾವಿಗೂ ಸಂಬಂಧವಿಲ್ಲ ಎಂದು ಮೊಪೆಡ್ಡಿನ ಬೀಗದ ಕೈ ತಿರುಗಿಸುತ್ತ ಹೇಳಿದಾಗ.

ಅವರು ಹೋದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದಳು.

“ಅಂಚಿನ್ ಸಾಲಲ್ ಕುಯ್ಕ ಬಾ ಅಂತ ನಿಮ್ಮವ್ವುಂಗೆ ಯೋಳ್ದೋಳು ನಾನೆ. ಮೇಲಿನ್ ತುಂಡು ಅಂದ್ನಲ್ಲ, ಮರ್ತೋಗಿತ್ತು.” ಸೆರಗಿನಿಂದ ಕೈ ಒರೆಸಿಕೊಂಡಳು. “ನಾನ್ ಮರ್ತೆ. ನೀನು ಮರ್ತಿರ್ನಿಲ್ಲ. ಗೊತ್ತಿದ್ದೂ ಸುಳ್ ಯೋಳ್ದೆ. ಅದುಕ್ಕೇನ್ ಮಾಡನ?”

ಜಗಲಿಯ ಮೇಲೆ ತೆರೆದೇ ಬಿದ್ದಿದ್ದ ರಿಜಿಸ್ಟರನ್ನು ಮುಚ್ಚಿದೆ.

“ಬಾಯಲ್ ಸುಳ್ಳು, ಬುಕ್ಕಲ್ ನಿಜ. ಒಳ್ಳೆ ಐಕ್ಳು,” ಅಂದು ಅಜ್ಜಿ ಎದ್ದಳು. “ಭಾನ್ವಾರ ಬಸ್ ಬರಗಂಟ ಉಳ ಆಯ್ಬೇಕು. ಬಸ್ ಬಂದ್ಮೇಲೆ ಓಗು.”

ಇಪ್ಪತ್ತಾರನೇ ದಿನ ಬೆಳಕು ಹರಿಯುವಾಗಲೇ ಹುಳ ಹಣ್ಣಾಗಿತ್ತು. ಹಣ್ಣಾದ ಹುಳವನ್ನು ಹಿಡಿಯುವುದಕ್ಕೆ ಒಂದು ರೀತಿಯಿದೆ. ಬೆರಳ ತುದಿಯಲ್ಲಿ ಒತ್ತಿದರೆ ಒಳಗಿನ ರೇಷ್ಮೆ ಒಡೆದು ಹುಳ ಸಾಯುತ್ತದೆ. ಸಡಿಲ ಬಿಟ್ಟರೆ ಕೆಳಗೆ ಬೀಳುತ್ತದೆ. ಅದು ಎತ್ತ ಹೋಗುತ್ತಿದೆಯೋ ಅತ್ತಲೇ ಕೈ ಒಯ್ದು, ಅಂಗೈಗೆ ಬರುತ್ತಿದ್ದಂತೆ ಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಐದು ವರ್ಷದವಳಿದ್ದಾಗಿನಿಂದ ಅಜ್ಜಿಯ ಕೈ ನೋಡಿ ಬಂದದ್ದು. ಬಸ್ಸಿನ ಹಾರನ್ ಕೇಳುವವರೆಗೆ ಆಯ್ದೆ. ಪಿ.ಟಿ. ಮೇಷ್ಟ್ರ ಜೊತೆ ಕಿಟಕಿಯ ಪಕ್ಕ ಕುಳಿತಾಗಲೂ ಕೈ ಅಂಟಂಟಾಗಿ ಸೊಪ್ಪಿನ ವಾಸನೆ ಬರುತ್ತಿತ್ತು.

ಚಾಮರಾಜನಗರದ ಮೈದಾನದಲ್ಲಿ ಹದಿನೆಂಟು ಹುಡುಗಿಯರಿದ್ದೆವು. ಎಲ್ಲರಿಗೂ ಒದೆಯುವ ಆಸೆ, ನನಗೂ. ನನ್ನ ಸರದಿ ಬಂದಾಗ ಗೋಡೆಗೆ ಒದ್ದು ಅಭ್ಯಾಸವಾದ ಚೆಂಡು ಗೋಡೆಯಿಲ್ಲದ ಬಯಲಿನಲ್ಲಿ ಎಲ್ಲೆಲ್ಲೋ ಹೋಯಿತು. ಆಯ್ಕೆ ಮಾಡುತ್ತಿದ್ದವರು ಹೆಸರಿನ ಮುಂದೆ ಏನೂ ಬರೆಯದೆ ಮುಂದಿನವಳನ್ನು ಕರೆದರು. ಆಮೇಲೆ ಗೋಲಿಗೆ ಯಾರು ನಿಲ್ಲುತ್ತೀರಿ ಎಂದು ಕೇಳಿದರು. ಯಾರೂ ಮುಂದೆ ಬರಲಿಲ್ಲ. ಹೇಗೂ ವಾಪಸ್ಸು ಹೋಗುವವಳು ಎಂದುಕೊಂಡು ನಾನು ಹೋಗಿ ಎರಡು ಕಲ್ಲುಗಳ ನಡುವೆ ನಿಂತೆ. ಮೊದಲ ಚೆಂಡು ಎದೆಯ ಮಟ್ಟಕ್ಕೆ ಬಂತು. ಅದು ಬಂದ ಕಡೆಯೇ ಕೈ ಹೋಯಿತು, ಮುಟ್ಟುತ್ತಿದ್ದಂತೆ ಕೈ ತಾನಾಗಿ ಹಿಂದೆ ಸರಿಯಿತು, ಚೆಂಡು ನಿಂತಿತು. ಸದ್ದಾಗಲಿಲ್ಲ. ಬಶೀರಣ್ಣನ ಮಾತು ಆಗ ನೆನಪಾಯಿತು. ಒಬ್ಬೊಬ್ಬಳಾಗಿ ಒದ್ದರು. ನಾನು ಎಣಿಸಿದೆ. ಕೊನೆಗೆ ಅವರು ಪಿ.ಟಿ. ಮೇಷ್ಟ್ರನ್ನು ಕರೆದು, ಈ ಹುಡುಗಿ ಎಲ್ಲಿ ಕೀಪಿಂಗ್ ಕಲಿತಳು ಎಂದು ಕೇಳಿದರು.

“ಅವ್ರ ಮನೇಲಿ ರೇಷ್ಮೆ ಐತೆ ಸಾರ್,” ಎಂದರು ಮೇಷ್ಟ್ರು. ಅದನ್ನು ಉತ್ತರವೆಂದು ಅವರು ಹೇಳಿರಲಾರರು, ಬೇರೇನೂ ತೋಚಿರಲಿಕ್ಕಿಲ್ಲ.

ಮನೆಗೆ ಬಂದಾಗ ಅಂಗಳದ ತುಂಬ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ಹುಳಗಳು ತಲೆ ಆಡಿಸುತ್ತಿದ್ದವು, ಈ ಸಲ ಗೂಡು ಕಟ್ಟುವುದಕ್ಕೆ. ಅಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಅಜ್ಜಿ ಹಿತ್ತಿಲ ಕಲ್ಲಿನ ಹತ್ತಿರ ತಂಬಿಗೆ ಹಿಡಿದು ನಿಂತಿದ್ದಳು. ನಾನು ತಂಬಿಗೆಗೆ ಕೈ ಚಾಚಿದೆ. ಕೊಡಲಿಲ್ಲ. ಕಲ್ಲಿನ ಮೇಲೆ ನಿಲ್ಲಿಸಿ ಅವಳೇ ನೀರು ಹಾಕಿದಳು, ಬಗ್ಗಿ ನನ್ನ ಹಿಮ್ಮಡಿಯ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ತಗಂಡ್ರಾ ನಿನ್ನ?”

“ತಗಂಡ್ರು ಅಜ್ಜಿ. ಗೋಲಿಗೆ. ಬಂದಿದ್ದ ಹಿಡ್ಯದು.”

ಇನ್ನೊಂದು ಕಾಲಿಗೆ ನೀರು ಹಾಕಿದಳು. ಹುಳವನ್ನಾಗಲಿ ಗೂಡನ್ನಾಗಲಿ ಜೀವನದಲ್ಲಿ ಎಣಿಸದವಳು, ಎಣಿಸಲು ಬಿಡದವಳು, ತಲೆ ಎತ್ತದೆ ಕೇಳಿದಳು.

“ಎಷ್ಟ್ ಬಂದೊ? ಎಷ್ಟ್ ಹಿಡ್ದೆ?”

“ಹದ್ನೇಳ್ ಬಂದೊ. ಹದ್ನಾಲ್ಕ್ ಹಿಡ್ದೆ. ಮೂರ್ ಓದೊ.”

“ಮೂರಾ,” ಅಂದಳು. ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ನನ್ನ ಪಾದದ ಮೇಲೆ ಬಗ್ಗಿಸಿದಳು. “ನಂದೂ ಮೂರ್ ತಟ್ಟೆ ಓತಲ್ಲ. ಬುಡು. ಮಿಕ್ಕುದ್ದ ಬರ್ಕೊ.”

ಬರೆದೆ. ಇಪ್ಪತ್ತಾರನೇ ದಿನ. ಬೆಳಿಗ್ಗೆ, ಹುಳ ಆಯ್ದದ್ದು. ಸಂಜೆ, ಚಾಮರಾಜನಗರದಿಂದ ಬಂದದ್ದು. ಪ್ರಮಾಣ, ಹದಿನಾಲ್ಕು. ಷರಾ, ಕಾಲು ಅಜ್ಜಿ ತೊಳೆದಳು.